ನಲವತ್ತಕ್ಕೆ ಕಿಕ್‌ಬಾಕ್ಸಿಂಗ್: ಪೆಟ್ಟು ಬರುವುದು ಎಲ್ಲಿಂದ?

ಕರಾಟೆ, ಕಿಕ್‌ಬಾಕ್ಸಿಂಗ್, ಜೂಡೋ, ಜಿಯು-ಜಿಟ್ಸು. ಇದರಲ್ಲಿ ಯಾವುದಕ್ಕೆ ಸೇರಿದರೆ ಪೆಟ್ಟು ಕಮ್ಮಿ? ಮೂವತ್ತೈದು ದಾಟಿದ ಮೇಲೆ ಹೊಟ್ಟೆ ಕರಗಿಸಲು ಸಮರಕಲೆಯ ಕಡೆ ಹೊರಟವರೆಲ್ಲ ಮೊದಲು ಕೇಳುವ ಪ್ರಶ್ನೆ ಇದೇ. ಕೇಳುವುದರಲ್ಲಿ ತಪ್ಪೇನಿಲ್ಲ. ಆದರೆ ಆ ಪ್ರಶ್ನೆ ಹಿಡಿದು ಹೊರಟರೆ ದಾರಿ ತಪ್ಪುತ್ತದೆ.

2005ರಲ್ಲಿ ಬ್ರಿಟಿಷ್ ಜರ್ನಲ್ ಆಫ್ ಸ್ಪೋರ್ಟ್ಸ್ ಮೆಡಿಸಿನ್‌ನಲ್ಲಿ ಒಂದು ಅಧ್ಯಯನ ಬಂತು. ಐದು ಬೇರೆ ಬೇರೆ ಕಲೆಗಳ 263 ಮಂದಿಯನ್ನು ಕೇಳಿದ್ದರು: ಒಂದು ವರ್ಷದಲ್ಲಿ ಅಭ್ಯಾಸ ಬಿಟ್ಟು ಮನೆಯಲ್ಲಿ ಕೂರಬೇಕಾದಂಥ ಗಾಯ ಆಗಿತ್ತಾ? ಟೇಕ್ವಾಂಡೋದಲ್ಲಿ ಹೌದು ಎಂದವರು ಶೇ 59. ಕುಂಗ್‌ಫುನಲ್ಲಿ ಶೇ 38, ಕರಾಟೆಯಲ್ಲಿ ಶೇ 30, ನಿಧಾನ ಚಲನೆಯ ತೈ ಚಿಯಲ್ಲಿ ಶೇ 14. ಐಕಿಡೋದಲ್ಲಿ? ಶೇ 51! ಐಕಿಡೋದ ಹೆಚ್ಚಿನ ಶಾಖೆಗಳಲ್ಲಿ ಪಂದ್ಯವೇ ಇಲ್ಲ. ಗುದ್ದುವುದು ಒದೆಯುವುದು ಕಮ್ಮಿ. ನೋಡಿದರೆ ನಾಟ್ಯದ ಹಾಗೆ ಕಾಣುತ್ತದೆ. ಆದರೂ ಕರಾಟೆಗಿಂತ ಮುಂದೆ.

ಇದು ಚಿಕ್ಕ ಅಧ್ಯಯನ, ಜನ ನೆನಪಿನಿಂದ ಹೇಳಿದ್ದು. ಹಾಗಾಗಿ ಈ ಅಂಕಿಗಳನ್ನು ಮುಂದಿಟ್ಟುಕೊಂಡು ಕ್ಲಾಸ್ ಆರಿಸಲು ಹೋಗಬೇಡಿ. ಅದರಲ್ಲೇ ಇರುವ ಬೇರೆ ಎರಡು ಮಾತು ನಮಗೆ ಹೆಚ್ಚು ಬೇಕಾದದ್ದು. ಹದಿನೆಂಟು ದಾಟಿದವರಿಗೆ ಗಾಯದ ಸಾಧ್ಯತೆ ಚಿಕ್ಕವರಿಗಿಂತ ಸುಮಾರು ನಾಲ್ಕು ಪಟ್ಟು ಇತ್ತು. ಮೂರು ವರ್ಷಕ್ಕಿಂತ ಜಾಸ್ತಿ ಅನುಭವ ಇದ್ದವರಿಗೆ ಹೊಸಬರಿಗಿಂತ ಎರಡು ಪಟ್ಟು. ಅಂದರೆ ವಯಸ್ಸು ಬಂದರೂ ಪೆಟ್ಟು, ಪಳಗಿದರೂ ಪೆಟ್ಟು. ವಾರಕ್ಕೆ ಮೂರು ಗಂಟೆ ಮೀರಿದರೆ ಇನ್ನೂ ಜಾಸ್ತಿ.

ಇದನ್ನೆಲ್ಲ ನೋಡಿದರೆ ನನಗೆ ಅನಿಸುವುದು ಇಷ್ಟು. ಫಿಟ್‌ನೆಸ್‌ಗೆಂದು ಬಂದ ವಯಸ್ಕರಿಗೆ ಗಾಯ ಆಗುವುದು ಕಲೆಯ ಹೆಸರಿನಿಂದಲ್ಲ. ಎದುರಿಗೆ ಯಾರನ್ನು ನಿಲ್ಲಿಸುತ್ತಾರೆ, ಎಷ್ಟು ಬೇಗ ಎಷ್ಟು ಮಾಡಿಸುತ್ತಾರೆ ಎಂಬುದರಿಂದ. ಒಂದೇ ಕಟ್ಟಡದಲ್ಲಿ ಒಂದೇ ಕಿಕ್‌ಬಾಕ್ಸಿಂಗ್ ಹೇಳಿಕೊಡುವ ಎರಡು ಬ್ಯಾಚ್‌ಗಳ ನಡುವೆ ಇರುವ ವ್ಯತ್ಯಾಸ ಕರಾಟೆಗೂ ಜೂಡೋಗೂ ಇರುವ ವ್ಯತ್ಯಾಸಕ್ಕಿಂತ ದೊಡ್ಡದಿರಬಹುದು.

ದಮ್ ಬಂದಿದೆ, ಹುರಿ ಬಂದಿಲ್ಲ

ಬೆಂಗಳೂರಿನ ಎಚ್‌ಎಸ್‌ಆರ್ ಲೇಔಟ್, ಇಂದಿರಾನಗರ, ಕೋರಮಂಗಲದ ಕಡೆ ಈಗ ಬೇಸ್‌ಮೆಂಟ್‌ನಲ್ಲೋ ಮೂರನೇ ಮಹಡಿಯಲ್ಲೋ ಎಂಎಂಎ (ಮಿಶ್ರ ಸಮರಕಲೆ) ಜಿಮ್ ಕಾಣುತ್ತದೆ. ಸಂಜೆ ಏಳರ ಬ್ಯಾಚ್‌ನಲ್ಲಿ ಪಂದ್ಯ ಆಡಲು ಬಂದವರು ಒಬ್ಬಿಬ್ಬರು. ಮಿಕ್ಕವರು ಟ್ರೆಡ್‌ಮಿಲ್ ಬೇಜಾರಾಗಿ ಬಂದವರು, ಶುಗರ್ ಬಾರ್ಡರ್‌ಲೈನ್ ಇದೆ ಅಂತ ಡಾಕ್ಟರ್ ಹೆದರಿಸಿದ್ದಕ್ಕೆ ಬಂದವರು, ರಾತ್ರಿ ಕ್ಯಾಬ್‌ನಲ್ಲಿ ಒಬ್ಬರೇ ಓಡಾಡಬೇಕಲ್ಲ ಅಂತ ಬಂದ ಹೆಣ್ಣುಮಕ್ಕಳು.

ಬರುವುದು ಒಳ್ಳೆಯದೇ. 2024ರಲ್ಲಿ ಲ್ಯಾನ್ಸೆಟ್ ಗ್ಲೋಬಲ್ ಹೆಲ್ತ್‌ನಲ್ಲಿ ಬಂದ ಲೆಕ್ಕದ ಪ್ರಕಾರ 2022ರಲ್ಲಿ ಭಾರತದ ವಯಸ್ಕರಲ್ಲಿ ಹೆಚ್ಚುಕಮ್ಮಿ ಅರ್ಧ ಜನಕ್ಕೆ ಬೇಕಾದಷ್ಟು ಮೈ ಕೆಲಸ ಇರಲಿಲ್ಲ. ಹೆಂಗಸರಲ್ಲಿ ಶೇ 57, ಗಂಡಸರಲ್ಲಿ ಶೇ 42. ಸುಮ್ನೆ ಕೂತರೂ ಅಪಾಯವೇ. ಆದರೆ ಆ ಅಪಾಯ ಅವತ್ತೇ ನೋಯುವುದಿಲ್ಲ, ಹಾಗಾಗಿ ಯಾರೂ ಅದನ್ನು ಗಾಯ ಅನ್ನುವುದಿಲ್ಲ.

ತೊಂದರೆ ಶುರುವಾಗುವುದು ಒಂದೂವರೆ ಎರಡು ತಿಂಗಳಿಗೆ. ಮೊದಲ ವಾರ ಎಲ್ಲರೂ ಹುಷಾರಾಗಿರುತ್ತಾರೆ, ಮೈಕೈ ನೋವಿರುತ್ತದೆ, ಏದುಸಿರು ಬರುತ್ತದೆ. ನಿಧಾನಕ್ಕೆ ದಮ್ ಬರುತ್ತದೆ. ಮಾಂಸಖಂಡವೂ ವಾರಗಳಲ್ಲಿ ಬಲಿಯುತ್ತದೆ. ಆದರೆ ಮಾಂಸಖಂಡವನ್ನು ಮೂಳೆಗೆ ಕಟ್ಟುವ ಟೆಂಡನ್, ಮೂಳೆಗೆ ಮೂಳೆ ಕಟ್ಟುವ ಲಿಗಮೆಂಟ್ ಎಂಬ ಹುರಿಗಳು ಅಷ್ಟು ಬೇಗ ಬಲಿಯುವುದಿಲ್ಲ. ಅವಕ್ಕೆ ರಕ್ತದ ಓಡಾಟ ಕಮ್ಮಿ, ಒಗ್ಗಿಕೊಳ್ಳಲು ತಿಂಗಳುಗಟ್ಟಲೆ ಬೇಕು. ಹಾಗಾಗಿ ಎಂಟನೇ ವಾರದ ಹೊತ್ತಿಗೆ ಒಂದು ವಿಚಿತ್ರ ಸ್ಥಿತಿ ಬರುತ್ತದೆ. ಜೋರಾಗಿ ಒದೆಯುವಷ್ಟು ಶಕ್ತಿ ಬಂದಿರುತ್ತದೆ, ಆ ಒದೆತವನ್ನು ತಡೆಯುವ ಹುರಿ ಇನ್ನೂ ಹಳೆಯದೇ ಇರುತ್ತದೆ. ಸರಿಯಾಗಿ ಅದೇ ಹೊತ್ತಿಗೆ ವಾರಕ್ಕೆ ಮೂರು ದಿನದ ಪ್ಯಾಕೇಜ್ ಬಿಟ್ಟು ಆರು ದಿನದ ಪ್ಯಾಕೇಜ್‌ಗೆ ಹೋಗಿರುತ್ತೇವೆ!

ಇದರ ದೊಡ್ಡ ಬಲಿ ಹಿಮ್ಮಡಿಯ ಮೇಲಿನ ಅಖಿಲಿಸ್ ಟೆಂಡನ್. ಅದು ಹರಿಯುವುದು ಹೆಚ್ಚಾಗಿ ಮೂವತ್ತರಿಂದ ಐವತ್ತರ ನಡುವಿನ, ಬಿಟ್ಟು ಬಿಟ್ಟು ಆಡುವ ಗಂಡಸರಿಗೆ. ಸ್ಕಿಪಿಂಗ್ ಮಾಡುವಾಗಲೋ, ಎಗರಿ ಒದೆಯಲು ಕಾಲು ಒತ್ತಿದಾಗಲೋ 'ಟಪ್' ಅನ್ನುತ್ತದೆ. ಹಿಂದಿನಿಂದ ಯಾರೋ ಒದ್ದರು ಅಂತ ತಿರುಗಿ ನೋಡುತ್ತಾರೆ. ಹಿಂದೆ ಯಾರೂ ಇರುವುದಿಲ್ಲ. ಹೀಗೆ ಆದರೆ ಐಸ್ ಹಚ್ಚಿ ನಾಳೆ ನೋಡೋಣ ಅನ್ನಬಾರದು, ಅವತ್ತೇ ಮೂಳೆ ಡಾಕ್ಟರ ಹತ್ತಿರ ಹೋಗಬೇಕು.

ಇನ್ನು ಮಂಡಿ. ಒಂದು ಸುತ್ತೊದೆತವನ್ನು ಹತ್ತಿರದಿಂದ ನೋಡಿ. ಕರಾಟೆಯವರು ಮವಾಶಿ ಗೇರಿ ಅನ್ನುತ್ತಾರೆ, ಕಿಕ್‌ಬಾಕ್ಸಿಂಗ್‌ನಲ್ಲಿ ರೌಂಡ್‌ಹೌಸ್. ಎಲ್ಲರ ಕಣ್ಣು ಮೇಲೇಳುವ ಕಾಲಿನ ಮೇಲೆ. ಗಾಯ ಆಗುವುದು ನೆಲದಲ್ಲಿರುವ ಕಾಲಿಗೆ. ಸೊಂಟ ತಿರುಗುವಾಗ ನಿಂತ ಪಾದವೂ ಮುಂಗಾಲಿನ ಮೇಲೆ ತಿರುಗಿ, ಹಿಮ್ಮಡಿ ಎದುರಾಳಿಯ ಕಡೆ ಬರಬೇಕು. ಬೆವರಿದ ಬರಿಗಾಲು ರಬ್ಬರ್ ಮ್ಯಾಟ್‌ಗೆ ಅಂಟಿಕೊಂಡು ನಿಂತುಬಿಟ್ಟರೆ ಸೊಂಟ ತಿರುಗುತ್ತದೆ, ಪಾದ ತಿರುಗುವುದಿಲ್ಲ. ನಡುವೆ ಸಿಕ್ಕಿಕೊಳ್ಳುವುದು ಮಂಡಿ. ಅಲ್ಲಿನ ಮೆನಿಸ್ಕಸ್ ಎಂಬ ಮೆತ್ತೆ, ಎಸಿಎಲ್ ಎಂಬ ಹುರಿ ಎರಡೂ ಹೊರಳುವ ಬಲವನ್ನು ತಡೆಯುವುದರಲ್ಲಿ ದುರ್ಬಲ. ಹತ್ತು ವರ್ಷ ಕುರ್ಚಿಯಲ್ಲಿ ಕೂತ ಸೊಂಟ ಬೇರೆ ಪೂರ್ತಿ ತೆರೆಯುವುದಿಲ್ಲ. ಕಾಲು ಮೇಲಕ್ಕೆ ಹೋಗಬೇಕಾದರೆ ಆ ಕೊರತೆಯನ್ನು ಮಂಡಿ, ಕೆಳಬೆನ್ನು ತುಂಬಬೇಕು. ಒಳ್ಳೆಯ ಮಾಸ್ಟರ್ ಹೊಸಬರಿಗೆ ತಿಂಗಳುಗಟ್ಟಲೆ ತೊಡೆ ಎತ್ತರ ಮೀರಲು ಬಿಡುವುದಿಲ್ಲ. ತಲೆ ಎತ್ತರದ ಒದೆತ ಬೇಕಾಗಿರುವುದು ರೀಲ್ಸ್‌ಗೆ, ಶುಗರ್ ಇಳಿಯುವುದಕ್ಕಲ್ಲ.

ಮ್ಯಾಟ್ ಬಗ್ಗೆಯೂ ಒಂದು ಮಾತು. ಬಹಳ ಕಡೆ ಹಾಕಿರುವುದು ಒಂದಕ್ಕೊಂದು ಹಲ್ಲು ಕೂಡಿಸುವ ಫೋಮ್ ತುಂಡುಗಳು. ಹಳೆಯದಾದ ಹಾಗೆ ಕೂಡಿಕೆ ಸಡಿಲವಾಗಿ ಸಂದು ಬಿಡುತ್ತದೆ. ಕಾಲಿನ ಕಿರುಬೆರಳು ಆ ಸಂದಿಗೆ ಸಿಕ್ಕಿ ಮುರಿದ ಕಥೆ ಪ್ರತಿ ಜಿಮ್‌ನಲ್ಲೂ ಒಂದಿರುತ್ತದೆ.

ಗುದ್ದಿನಿಂದ ಆಗುವ ಗಾಯ ಸರಳ. ಮುಷ್ಟಿಯ ತೋರುಬೆರಳು, ನಡುಬೆರಳಿನ ಗೆಣ್ಣು ಗಟ್ಟಿ. ಕಿರುಬೆರಳಿನ ಕಡೆಯ ಮೂಳೆ ತೆಳು. ಬ್ಯಾಗ್‌ಗೆ ಓರೆಯಾಗಿ ಹೊಡೆದರೆ ಅದೇ ಮುರಿಯುವುದು. ಅದಕ್ಕೆ ಬಾಕ್ಸರ್ಸ್ ಫ್ರ್ಯಾಕ್ಚರ್ ಅನ್ನುತ್ತಾರೆ, ಆದರೆ ಪಳಗಿದ ಬಾಕ್ಸರ್‌ಗಳಿಗಿಂತ ಸಿಟ್ಟಿನಲ್ಲಿ ಗೋಡೆ ಗುದ್ದಿದವರಿಗೆ ಅದು ಜಾಸ್ತಿ ಆಗುತ್ತದೆ. ಗ್ಲೋವ್ಸ್ ಒಳಗೆ ಕೈಪಟ್ಟಿ ಸರಿಯಾಗಿ ಸುತ್ತುವುದನ್ನು ಮೊದಲ ದಿನವೇ ಹೇಳಿಕೊಡಬೇಕು, ಅಷ್ಟೇ.

ಬೀಳುವುದು ಮೊದಲ ಪಾಠ

ಜಿಗೊರೊ ಕಾನೊ 1882ರಲ್ಲಿ ಟೋಕಿಯೋದಲ್ಲಿ ಕೊಡೋಕಾನ್ ಎಂಬ ಜೂಡೋ ಶಾಲೆ ಶುರು ಮಾಡಿದರು. ಜೂಡೋದಲ್ಲಿ ಎಸೆಯುವುದಕ್ಕಿಂತ ಮೊದಲು ಬೀಳುವುದನ್ನು ಕಲಿಸುತ್ತಾರೆ. ಅದಕ್ಕೆ ಉಕೆಮಿ ಎಂದು ಹೆಸರು. ವಯಸ್ಕರು ಎಡವಿದರೆ ಕೈ ಚಾಚಿಬಿಡುತ್ತಾರೆ. ಇಡೀ ಮೈ ಭಾರ ಮಣಿಕಟ್ಟಿನ ಮೇಲೆ ಬೀಳುತ್ತದೆ, ಅಲ್ಲಿಂದ ಮೊಣಕೈ, ಕೊರಳ ಮೂಳೆವರೆಗೂ ಹೋಗುತ್ತದೆ. ಉಕೆಮಿಯಲ್ಲಿ ಕೈ ಚಾಚುವುದಿಲ್ಲ. ಹಿಂದಕ್ಕೆ ಬೀಳುವಾಗ ಗದ್ದ ಎದೆಗೆ ಒತ್ತಿ, ತನ್ನದೇ ಸೊಂಟಪಟ್ಟಿಯ ಗಂಟು ನೋಡಬೇಕು. ಆಗ ತಲೆ ನೆಲಕ್ಕೆ ಬಡಿಯುವುದಿಲ್ಲ. ತೋಳನ್ನು ಮೈಯಿಂದ ಸ್ವಲ್ಪ ದೂರಕ್ಕೆ ಚೆಲ್ಲಿ ಮ್ಯಾಟ್‌ಗೆ ಚಪ್ಪಾಳೆ ಹೊಡೆದ ಹಾಗೆ ಬಡಿಯಬೇಕು. ನೋಡಲು ಸಲೀಸು, ಆದರೆ ಅದು ಯೋಚನೆ ಇಲ್ಲದೆ ಬರುವವರೆಗೆ ನೂರಾರು ಸಲ ಬೀಳಬೇಕು.

ಈ ಪಾಠವನ್ನು ಅವಸರದಲ್ಲಿ ಮುಗಿಸಿದರೆ ಏನಾಗುತ್ತದೆ ಎಂಬುದಕ್ಕೆ ಜೂಡೋ ಹುಟ್ಟಿದ ದೇಶದಲ್ಲೇ ಕಹಿ ಉದಾಹರಣೆ ಇದೆ. ನಗೋಯಾ ವಿಶ್ವವಿದ್ಯಾಲಯದ ರ್ಯೋ ಉಚಿದಾ ಶಾಲಾ ಅಪಘಾತಗಳ ದಾಖಲೆ ಜಾಲಾಡಿದರು. 1983ರಿಂದ ಮುಂದಿನ ಮೂರು ದಶಕದೊಳಗೆ ಜಪಾನಿನ ಶಾಲೆಗಳ ಜೂಡೋದಲ್ಲಿ 100ಕ್ಕೂ ಹೆಚ್ಚು ಮಕ್ಕಳು ಸತ್ತದ್ದು ಬೆಳಕಿಗೆ ಬಂತು. ಬಹಳಷ್ಟು ಸಾವು ತಲೆಯೊಳಗಿನ ರಕ್ತಸ್ರಾವದಿಂದ. ಅವರಲ್ಲಿ ಆಗಷ್ಟೇ ಸೇರಿದ ಮೊದಲ ವರ್ಷದವರು ಜಾಸ್ತಿ. ಓಸೊತೊಗಾರಿ ಎಂಬ, ಎದುರಾಳಿಯ ಕಾಲನ್ನು ಹಿಂದಿನಿಂದ ಕೊಯ್ದು ಬೆನ್ನ ಮೇಲೆ ಕೆಡವುವ ಪಟ್ಟು ಮತ್ತೆ ಮತ್ತೆ ಕಾಣಿಸಿಕೊಂಡಿತು. ಇದರಲ್ಲಿ ತಲೆ ನೆಲಕ್ಕೆ ಬಡಿಯಲೇಬೇಕು ಅಂತಿಲ್ಲ. ತಲೆ ಜೋರಾಗಿ ಹಿಂದಕ್ಕೆ ಒಲೆದರೆ ಮೆದುಳು ಒಳಗೇ ಹೊರಳಿ, ಅದರ ಮೇಲ್ಭಾಗದ ಸಣ್ಣ ರಕ್ತನಾಳಗಳು ಹರಿಯಬಹುದು.

ಫ್ರಾನ್ಸ್‌ನಲ್ಲಿ ನೋಂದಾಯಿತ ಜೂಡೋ ಆಟಗಾರರು ಜಪಾನಿಗಿಂತ ಜಾಸ್ತಿ. ಅಲ್ಲಿ ಇಂಥ ಸಾವಿನ ಸಾಲು ಕಂಡಿಲ್ಲ. ಪಟ್ಟು ಅದೇ, ಮ್ಯಾಟ್ ಅದೇ. ಬೇರೆ ಏನಿದೆ ಎಂದರೆ, 1955ರಿಂದಲೂ ಅಲ್ಲಿ ಜೂಡೋ ಹೇಳಿಕೊಡಲು ಸರ್ಕಾರದ ಡಿಪ್ಲೊಮಾ ಬೇಕು. ಜಪಾನಿನ ಸಂಘ ತಡವಾಗಿ ಎಚ್ಚೆತ್ತು, ಗೆದ್ದರೆ ಸಾಕು ಎಂಬ ಹುಚ್ಚು ಜಾಸ್ತಿಯಾಯಿತು ಅಂತ 2022ರಲ್ಲಿ ಪ್ರಾಥಮಿಕ ಶಾಲಾ ಮಕ್ಕಳ ರಾಷ್ಟ್ರೀಯ ಟೂರ್ನಿಯನ್ನೇ ನಿಲ್ಲಿಸಿತು.

ಇದು ಮಕ್ಕಳ ಕಥೆ, ನಮಗೇನು ಅನ್ನಬಹುದು. ಆದರೆ ಅಲ್ಲಿ ಅಪಾಯದಲ್ಲಿದ್ದವರು ಬೀಳುವುದು ಬಾರದ ಹೊಸಬರು, ಎಸೆದವರು ಎಷ್ಟೋ ಸಲ ದೊಡ್ಡವರು, ಬಲಿತವರು. ನಲವತ್ತರಲ್ಲಿ ಸೇರಿದವರೂ ಮ್ಯಾಟ್ ಮೇಲೆ ಮೊದಲ ವರ್ಷದವರೇ ಅಲ್ವಾ?

ಜೋಡಿ ಕಟ್ಟುವುದು

ಈ ವಿಷಯದಲ್ಲಿ ನಮ್ಮ ಗರಡಿ ಮನೆಗಳನ್ನು ನೋಡಬೇಕು. ಮೈಸೂರು ದಸರಾ ಕುಸ್ತಿಗೆ ಮುಂಚೆ ಜೋಡಿ ಕಟ್ಟುವ ಕಾರ್ಯಕ್ರಮ ಅಂತ ಪ್ರತ್ಯೇಕವಾಗಿಯೇ ನಡೆಯುತ್ತದೆ. ಪೈಲ್ವಾನರು ಬಂದು ನಿಲ್ಲುತ್ತಾರೆ. ತೂಕ, ವಯಸ್ಸು, ಪಳಗಿದ ಮಟ್ಟ ನೋಡಿ ಯಾರಿಗೆ ಯಾರು ಎಂದು ತಿಳಿದವರು ಗೊತ್ತು ಮಾಡುತ್ತಾರೆ. ಮೈಕಟ್ಟಿನಲ್ಲೋ ಪಳಗಿದ್ದರಲ್ಲೋ ಒಬ್ಬ ತೀರಾ ಮೇಲಾದರೆ ಜೋಡಿ ಆಗುವುದಿಲ್ಲ. ಗರಡಿಯೊಳಗೂ ಹಾಗೇ. ಬೆಳಗ್ಗೆ ಎದ್ದು ಮೊದಲು ಮಟ್ಟಿ, ಅಂದರೆ ಕುಸ್ತಿಯ ಮಣ್ಣಿನ ಅಂಕಣ, ಅಗೆಯಬೇಕು. ಕೆಮ್ಮಣ್ಣು ಸಡಿಲವಾದರೆ ಬಿದ್ದವನಿಗೆ ಪೆಟ್ಟಾಗುವುದಿಲ್ಲ, ಅಗೆದವನಿಗೆ ಮೈ ಬಿಸಿಯಾಗುತ್ತದೆ. ಆಮೇಲೆ ದಂಡ, ಬಸ್ಕಿ, ಸಾಮು. ಪಟ್ಟು ಬರುವುದು ಅದೆಲ್ಲ ಆದ ಮೇಲೆ, ಉಸ್ತಾದರು ಹೇಳಿದವನ ಜೊತೆ ಮಾತ್ರ.

ಗರಡಿಯಲ್ಲಿ ಯಾರಿಗೂ ಏನೂ ಆಗುತ್ತಿರಲಿಲ್ಲ ಅಂತ ಹೇಳುತ್ತಿಲ್ಲ. ಹಳೆಯ ಪೈಲ್ವಾನರ ಮುದುಡಿದ ಕಿವಿ ನೋಡಿದರೆ ಗೊತ್ತಾಗುತ್ತದೆ. ವಿಜಯದಶಮಿಯ ದಿನ ಅರಮನೆಯಲ್ಲಿ ನಡೆಯುವ ಜಟ್ಟಿಗಳ ವಜ್ರಮುಷ್ಟಿ ಕಾಳಗ ಮುಗಿಯುವುದೇ ತಲೆಯಲ್ಲಿ ರಕ್ತ ಚಿಮ್ಮಿದಾಗ. ಆದರೆ ಆ ಕಾಳಗಕ್ಕೂ ಜೋಡಿ ಮುಂಚೆಯೇ ಗೊತ್ತಾಗಿರುತ್ತದೆ!

ಈಗಿನ ಜಿಮ್‌ನ ಸಂಜೆ ಬ್ಯಾಚ್‌ನಲ್ಲಿ ಜೋಡಿ ಕಟ್ಟುವವರು ಯಾರು? ಎಷ್ಟೋ ಕಡೆ ಯಾರೂ ಇಲ್ಲ. "ಪಾರ್ಟ್ನರ್ ಹಿಡ್ಕೊಳಿ" ಅಂತ ಕೋಚ್ ಕೂಗುತ್ತಾರೆ, ಪಕ್ಕದಲ್ಲಿದ್ದವರು ಪಾರ್ಟ್ನರ್. 58 ಕೆಜಿಯ, ಎರಡು ತಿಂಗಳ ಹಿಂದೆ ಸೇರಿದ ಅಕೌಂಟೆಂಟ್‌ಗೆ ಎದುರು 90 ಕೆಜಿಯ, ಮುಂದಿನ ತಿಂಗಳು ಪಂದ್ಯ ಇರುವ ಹುಡುಗ. ಆ ಹುಡುಗ ಕೆಟ್ಟವನಲ್ಲ, ಆದರೆ ಅವನ 'ಮೆಲ್ಲಗೆ' ಇವರಿಗೆ ಮೆಲ್ಲಗೆ ಅಲ್ಲ. ಇನ್ನೂ ಅಪಾಯದ ಜೋಡಿ ಎಂದರೆ ಇಬ್ಬರು ಹೊಸಬರು. ಇಬ್ಬರಿಗೂ ಬಲ ಇದೆ, ಇಬ್ಬರಿಗೂ ಹಿಡಿತ ಇಲ್ಲ.

ಪಂದ್ಯಕ್ಕಿಂತ ಕ್ಲಾಸ್ ಸುರಕ್ಷಿತ ಅಂತ ನಾವು ಅಂದುಕೊಳ್ಳುತ್ತೇವೆ. ಸಾಮಾನ್ಯವಾಗಿ ಅದು ನಿಜ. ಆದರೆ ಪಂದ್ಯದಲ್ಲಿ ಕೆಲವು ಕಾವಲು ಇರುತ್ತವೆ. ಅಮೆರಿಕದ ಹವಾಯಿಯಲ್ಲಿ ಬ್ರೆಜಿಲಿಯನ್ ಜಿಯು-ಜಿಟ್ಸು ಟೂರ್ನಿಗಳನ್ನು ಹಿಂಬಾಲಿಸಿದ ವೈದ್ಯರ ಲೆಕ್ಕ 2014ರಲ್ಲಿ ಪ್ರಕಟವಾಯಿತು. ಪಂದ್ಯಕ್ಕೆ ಇಳಿದ 5,022 ಸಲಗಳಲ್ಲಿ ಗಾಯ 46, ಅಂದರೆ ಸಾವಿರಕ್ಕೆ ಸುಮಾರು ಒಂಬತ್ತು. ಅದರಲ್ಲಿ ಮೊಣಕೈ ಗಾಯ ಜಾಸ್ತಿ. ಪಂದ್ಯದಲ್ಲಿ ತೂಕದ ವರ್ಗ, ಬೆಲ್ಟ್ ವರ್ಗ, ವಯಸ್ಸಿನ ವರ್ಗ ಇರುತ್ತದೆ, ಪಕ್ಕದಲ್ಲೇ ರೆಫರಿ ಇರುತ್ತಾರೆ. ಕ್ಲಾಸ್‌ನಲ್ಲಿ ಇವೆಲ್ಲವನ್ನೂ ಒಬ್ಬ ಕೋಚ್ ತಲೆಯಲ್ಲಿ ಇಟ್ಟುಕೊಳ್ಳಬೇಕು, ಅದೂ ಇಪ್ಪತ್ತು ಜನರ ಮೇಲೆ ಕಣ್ಣಿಟ್ಟು.

ನೋವು ತಡವಾಗಿ ಬರುವ ಪಟ್ಟುಗಳು

ಹಿಡಿದು ಕಟ್ಟಿಹಾಕುವ ಕಲೆಗಳಲ್ಲಿ ಒಂದು ಒಳ್ಳೆಯ ವ್ಯವಸ್ಥೆ ಇದೆ. ಸೋತೆ ಅನಿಸಿದರೆ ಎದುರಾಳಿಯ ಮೈಗೋ ಮ್ಯಾಟ್‌ಗೋ ಎರಡು ಸಲ ತಟ್ಟಬೇಕು, ಅವರು ತಕ್ಷಣ ಬಿಡಬೇಕು. ಇದಕ್ಕೆ ಟ್ಯಾಪ್ ಅನ್ನುತ್ತಾರೆ. ನೋವು ಶುರುವಾದಾಗ ತಟ್ಟಿದರೆ ಸಾಮಾನ್ಯವಾಗಿ ಏನೂ ಆಗುವುದಿಲ್ಲ. ಆಫೀಸಿನಲ್ಲಿ ಹತ್ತು ಜನರ ಮೇಲೆ ಮ್ಯಾನೇಜರ್ ಆಗಿರುವವರಿಗೆ ಇಪ್ಪತ್ತೆರಡರ ಹುಡುಗನ ಮೈ ತಟ್ಟಲು ಮುಜುಗರ. ಅಲ್ಲೇ ಮೊಣಕೈ ಹೋಗುವುದು.

ಆದರೆ ಹೀಲ್ ಹುಕ್ ಎಂಬ ಪಟ್ಟಿನಲ್ಲಿ ಮುಜುಗರ ಬಿಟ್ಟರೂ ಸಾಲದು. ಹಿಮ್ಮಡಿಯನ್ನು ಕಂಕುಳಲ್ಲಿ ಸಿಕ್ಕಿಸಿ ತಿರುಚಿದಾಗ ಆ ತಿರುಚು ಮಂಡಿಗೆ ಹೋಗುತ್ತದೆ. ಅಲ್ಲಿ ನೋವು ಗೊತ್ತಾಗುವ ಹೊತ್ತಿಗೆ ಲಿಗಮೆಂಟ್ ಹರಿದಿರಬಹುದು. ಅದಕ್ಕೇ ಜಿಯು-ಜಿಟ್ಸುವಿನ ದೊಡ್ಡ ಸಂಸ್ಥೆ ಐಬಿಜೆಜೆಎಫ್ ಇದನ್ನು ಬಹಳ ಕಾಲ ನಿಷೇಧಿಸಿತ್ತು. 2021ರಲ್ಲಿ ಸಡಿಲ ಮಾಡಿದಾಗಲೂ ಅವಕಾಶ ಕೊಟ್ಟದ್ದು ಕಂದು ಮತ್ತು ಕಪ್ಪು ಬೆಲ್ಟ್‌ನ ವಯಸ್ಕರಿಗೆ, ಅದೂ ಜಾಕೆಟ್ ಇಲ್ಲದ ಪಂದ್ಯಕ್ಕೆ ಮಾತ್ರ. ಜೂಡೋದಲ್ಲಿ ಎರಡೂ ಕಾಲಿನಿಂದ ಕತ್ತರಿ ಹಾಕಿ ಕೆಡವುವ ಕಾನಿ ಬಸಾಮಿ ಎಂಬ ಪಟ್ಟು 1980ರಲ್ಲಿ ಯಾಸುಹಿರೊ ಯಾಮಾಶಿತಾ ಅವರ ಕಾಲಿನ ಮೂಳೆ ಮುರಿಯಿತು. ನಾಲ್ಕು ವರ್ಷದ ಮೇಲೆ ಒಲಿಂಪಿಕ್ಸ್ ಚಿನ್ನ ಗೆದ್ದ ಮಹಾರಥಿ ಅವರು. ಅಂಥವರಿಗೇ ಹೀಗಾದ ಆ ಪಟ್ಟು ಇವತ್ತು ಜೂಡೋ ಪಂದ್ಯದಲ್ಲಿ ನಿಷಿದ್ಧ. ಹೊಸಬರ ಕ್ಲಾಸ್‌ನಲ್ಲಿ ಯಾರಾದರೂ ಇವೆರಡರಲ್ಲಿ ಒಂದನ್ನು "ಟ್ರೈ ಮಾಡಿ ನೋಡೋಣ" ಅಂದರೆ ಎದ್ದು ನೀರು ಕುಡಿಯಲು ಹೋಗುವುದು ಒಳ್ಳೆಯದು.

ಕುತ್ತಿಗೆ ಪಟ್ಟಿನ ಬಗ್ಗೆ ಒಂದು ಎಚ್ಚರಿಕೆ. ಬಿಗಿ ಪಟ್ಟಿನಿಂದ ಕುತ್ತಿಗೆಯ ರಕ್ತನಾಳದ ಒಳಪದರ ಸೀಳಿ, ಪಾರ್ಶ್ವವಾಯು ಆದ ಪ್ರಕರಣಗಳು ವೈದ್ಯಕೀಯ ಸಾಹಿತ್ಯದಲ್ಲಿವೆ. ಅಪರೂಪ. ಆದರೆ ಅಭ್ಯಾಸ ಆದ ಗಂಟೆಗಳಲ್ಲೋ ದಿನಗಳಲ್ಲೋ ಕುತ್ತಿಗೆಯ ಒಂದೇ ಕಡೆ ಹಿಂದೆಂದೂ ಇಲ್ಲದ ನೋವು, ತಲೆನೋವು, ಮಾತು ತೊದಲುವುದು, ಮುಖ ಸೊಟ್ಟಗಾಗುವುದು ಕಂಡರೆ ಅದು ಉಳುಕು ಅಲ್ಲ. ನೇರ ಆಸ್ಪತ್ರೆಗೆ ಹೋಗಬೇಕು.

ತಲೆ

2022ರ ಜುಲೈನಲ್ಲಿ ಬೆಂಗಳೂರಿನಲ್ಲಿ ನಡೆದ ಕಿಕ್‌ಬಾಕ್ಸಿಂಗ್ ಪಂದ್ಯವೊಂದರಲ್ಲಿ ಮೈಸೂರಿನ 23 ವರ್ಷದ ಆಟಗಾರ ಮುಖಕ್ಕೆ ಪೆಟ್ಟು ಬಿದ್ದು ಕುಸಿದರು, ಆಮೇಲೆ ತೀರಿಕೊಂಡರು. ಸ್ಥಳದಲ್ಲಿ ಆಂಬುಲೆನ್ಸ್ ಇರಲಿಲ್ಲ, ವೈದ್ಯಕೀಯ ಸೌಲಭ್ಯ ಇರಲಿಲ್ಲ ಎಂದು ಮನೆಯವರು ದೂರಿದರು. ಅವರು ಫಿಟ್‌ನೆಸ್‌ಗೆ ಬಂದವರಲ್ಲ, ಸ್ಪರ್ಧಿ. ಆದರೆ ಆ ಸುದ್ದಿ ಬಂದಾಗಲೂ ನಮ್ಮ ಜಿಮ್‌ಗಳಲ್ಲಿ ಕೇಳಬೇಕಿದ್ದ ಪ್ರಶ್ನೆ ಜೋರಾಗಿ ಕೇಳಿಸಲಿಲ್ಲ: ಪಂದ್ಯವೇ ಬೇಡ ಎನ್ನುವವರ ತಲೆಗೆ ಹೊಡೆಸುವುದು ಯಾಕೆ?

ಹೆಲ್ಮೆಟ್‌ನಂಥ ಹೆಡ್‌ಗಾರ್ಡ್ ಇದೆಯಲ್ಲ ಅನ್ನುತ್ತಾರೆ. ಹೆಡ್‌ಗಾರ್ಡ್ ಹುಬ್ಬು ಸೀಳುವುದನ್ನು, ಮುಖದ ಗಾಯವನ್ನು ಕಮ್ಮಿ ಮಾಡುತ್ತದೆ. ಒಳಗೆ ಮೆದುಳು ಅಲುಗುವುದನ್ನು ಅದು ನಂಬುವ ಮಟ್ಟಿಗೆ ತಡೆಯುವುದಿಲ್ಲ. ಹವ್ಯಾಸಿ ಬಾಕ್ಸಿಂಗ್‌ನ ವಿಶ್ವ ಸಂಸ್ಥೆ 2013ರಲ್ಲಿ ಗಂಡಸರ ಪಂದ್ಯದಿಂದ ಹೆಡ್‌ಗಾರ್ಡ್ ತೆಗೆದೇ ಹಾಕಿತು, 2016ರ ರಿಯೋ ಒಲಿಂಪಿಕ್ಸ್‌ನಲ್ಲಿ ಗಂಡಸರು ಬರಿತಲೆಯಲ್ಲಿ ಆಡಿದರು. ಆ ತೀರ್ಮಾನ ಸರಿಯೋ ತಪ್ಪೋ ಎಂಬ ಜಗಳ ಬೇರೆ. ಹೆಡ್‌ಗಾರ್ಡ್ ಹಾಕಿದ ಮಾತ್ರಕ್ಕೆ ತಲೆ ಕಾಪಾಡಿದಂತೆ ಅಲ್ಲ ಎಂಬುದಷ್ಟೇ ನಮಗೆ ಬೇಕಾದದ್ದು. ಫಿಟ್‌ನೆಸ್‌ಗೆ ಬಂದವರಿಗೆ ತಲೆಗೆ ಬೀಳುವ ಹೊಡೆತದಿಂದ ಒಂದು ಪೈಸೆ ಲಾಭವಿಲ್ಲ. ಪ್ಯಾಡ್, ಬ್ಯಾಗ್, ಮುಟ್ಟಿ ಬಿಡುವ ಸ್ಪಾರಿಂಗ್ (ಜೋಡಿಯ ಜೊತೆ ಅಭ್ಯಾಸದ ಕಾಳಗ), ಭುಜದಿಂದ ಕೆಳಗೆ ಮಾತ್ರ ಹೊಡೆಯುವ ಆಟ, ಇಷ್ಟರಲ್ಲೇ ಬೆವರು, ದಮ್, ಖುಷಿ ಎಲ್ಲ ಸಿಗುತ್ತದೆ.

ಆದರೂ ತಲೆಗೆ ಪೆಟ್ಟು ಬಿದ್ದರೆ? ಪ್ರಜ್ಞೆ ತಪ್ಪಿದರೆ ಮಾತ್ರ ಕಂಕಷನ್, ಅಂದರೆ ಮೆದುಳಿಗೆ ಪೆಟ್ಟು, ಅಂತ ಅಂದುಕೊಳ್ಳುವುದು ತಪ್ಪು. ಬಹಳ ಸಲ ಪ್ರಜ್ಞೆ ಇರುತ್ತದೆ. ಮಂಕಾಗುವುದು, ತಲೆನೋವು, ಬೆಳಕು ಚುಚ್ಚುವುದು, ಕೇಳಿದ್ದನ್ನೇ ಕೇಳುವುದು ಇದರ ಗುರುತು. ಅವತ್ತು ಮತ್ತೆ ಮ್ಯಾಟ್‌ಗೆ ಇಳಿಯಬಾರದು, ಬೈಕ್ ಓಡಿಸಿಕೊಂಡು ಮನೆಗೆ ಹೋಗಲೂಬಾರದು. ಈಗಿನ ಅಂತರರಾಷ್ಟ್ರೀಯ ಸಲಹೆ ಪ್ರಕಾರ 24ರಿಂದ 48 ಗಂಟೆ ಹಗುರವಾಗಿರಬೇಕು, ಮೊಬೈಲ್ ಪರದೆ ನೋಡುವುದೂ ಕಮ್ಮಿ ಮಾಡಬೇಕು. ಕತ್ತಲೆ ಕೋಣೆಯಲ್ಲಿ ವಾರಗಟ್ಟಲೆ ಮಲಗುವುದು ಹಳೆಯ ಮಾತು, ಒಂದೆರಡು ದಿನದೊಳಗೇ ಮೆಲ್ಲಗೆ ನಡಿಗೆ ಶುರು ಮಾಡುವುದೇ ಒಳ್ಳೆಯದು. ಹೊಡೆತ ಬೀಳುವ ಅಭ್ಯಾಸಕ್ಕೆ ವೈದ್ಯರು ಸರಿ ಅಂದ ಮೇಲೆಯೇ ಮರಳಬೇಕು. ಮತ್ತೆ ಮತ್ತೆ ವಾಂತಿ, ತೂಕಡಿಕೆ, ಒಂದು ಕಣ್ಣಿನ ಪಾಪೆ ದೊಡ್ಡದಾಗುವುದು, ಫಿಟ್ಸ್ ಇದ್ದರೆ ಕಾಯುವ ಮಾತೇ ಇಲ್ಲ. ಬೆಂಗಳೂರಿನಲ್ಲಾದರೆ ನಿಮ್ಹಾನ್ಸ್‌ನಂಥ, ತಲೆಪೆಟ್ಟು ನೋಡುವ ತುರ್ತು ಘಟಕಕ್ಕೇ ಹೋಗಬೇಕು. ರಕ್ತ ತೆಳುವಾಗುವ ಮಾತ್ರೆ ತೆಗೆದುಕೊಳ್ಳುವವರು ಸಣ್ಣ ಪೆಟ್ಟಿಗೂ ತೋರಿಸಬೇಕು.

ಹೃದಯದ ಮಾತನ್ನು ಚಿಕ್ಕದಾಗಿ ಹೇಳುತ್ತೇನೆ. 2021ರ ಅಕ್ಟೋಬರ್‌ನಲ್ಲಿ ಪುನೀತ್ ರಾಜ್‌ಕುಮಾರ್ ತೀರಿಕೊಂಡಾಗ ಜಯದೇವ ಆಸ್ಪತ್ರೆಯಲ್ಲಿ ಹೃದಯ ತಪಾಸಣೆಗೆ ಜನ ಮುಗಿಬಿದ್ದಿದ್ದರು. ಆ ಭಯ ಕೆಲವು ವಾರ ಇತ್ತು, ಆಮೇಲೆ ಹೋಯಿತು. ನಲವತ್ತು ದಾಟಿ, ಬಿಪಿ, ಶುಗರ್, ಸಿಗರೇಟು, ಮನೆಯಲ್ಲಿ ಹೃದ್ರೋಗ ಇದರಲ್ಲಿ ಒಂದಿದ್ದರೂ, ಜೋರು ಬ್ಯಾಚ್‌ಗೆ ಸೇರುವ ಮುಂಚೆ ಡಾಕ್ಟರನ್ನು ಕೇಳಿ.

ಯಾರೂ ಮಾತಾಡದ ಗಾಯ: ಚರ್ಮ

ಮಂಡಿ, ತಲೆ ಬಗ್ಗೆ ಎಲ್ಲರೂ ಹೇಳುತ್ತಾರೆ. ಮ್ಯಾಟ್ ಮೇಲೆ ಹೊರಳಾಡುವವರಿಗೆ ಹುಳುಕಡ್ಡಿ ಬಹಳ ಸಾಮಾನ್ಯ ಕಾಟ, ಆದರೆ ನಾಚಿಕೆಯಿಂದ ಯಾರೂ ಬಾಯಿ ಬಿಡುವುದಿಲ್ಲ. ಕರಾವಳಿಯ ಮಳೆಗಾಲದಲ್ಲಿ ಒಗೆದ ಜಾಕೆಟ್ ಎರಡು ದಿನವಾದರೂ ಒಣಗದಿದ್ದಾಗ ಇದು ಇನ್ನೂ ಜಾಸ್ತಿ. ನಮ್ಮ ದೇಶದಲ್ಲಿ ಇದಕ್ಕೊಂದು ಹೊಸ ತಲೆನೋವು ಸೇರಿದೆ. 2020ರಲ್ಲಿ ಟ್ರೈಕೊಫೈಟನ್ ಇಂಡೊಟಿನಿಯೆ ಎಂದು ಹೆಸರಿಟ್ಟ ಶಿಲೀಂಧ್ರ ಇಲ್ಲಿ ವ್ಯಾಪಕವಾಗಿದೆ, ಹುಳುಕಡ್ಡಿಗೆ ಸಾಮಾನ್ಯವಾಗಿ ಕೊಡುವ ಟರ್ಬಿನಾಫಿನ್ ಔಷಧಿಗೆ ಅದು ಎಷ್ಟೋ ಸಲ ಬಗ್ಗುವುದಿಲ್ಲ. ಮೆಡಿಕಲ್ ಶಾಪ್‌ನಲ್ಲಿ ಕೇಳಿ ತರುವ, ಸ್ಟಿರಾಯ್ಡ್ ಬೆರೆತ ಟ್ಯೂಬ್ ಹಚ್ಚಿದರೆ ಮೂರು ದಿನ ಕೆರೆತ ನಿಲ್ಲುತ್ತದೆ, ಒಳಗೆ ಹಬ್ಬುತ್ತದೆ. ಹಚ್ಚಿಕೊಂಡವರು ವಾಸಿಯಾಯಿತು ಅಂತ ಮ್ಯಾಟ್‌ಗೆ ಬಂದು ಇನ್ನೊಬ್ಬರಿಗೆ ಕೊಡುತ್ತಾರೆ. ಅಭ್ಯಾಸ ಆದ ಕೂಡಲೇ ಸ್ನಾನ, ಪ್ರತಿ ಸಲ ಒಗೆದ ಬಟ್ಟೆ, ಸ್ವಂತ ಟವೆಲ್, ದಿನಾ ಒರೆಸಿದ ಮ್ಯಾಟ್. ಮೈಮೇಲೆ ಹುಳುಕಡ್ಡಿಯ ಕಲೆ ಕಂಡರೆ ಚರ್ಮದ ಡಾಕ್ಟರು ಹೇಳುವವರೆಗೆ ಬ್ಯಾಚ್ ಬಿಡಬೇಕು. ಕಿವಿ ಊದಿ ಮೆತ್ತಗಾದರೂ ಹಾಗೇ. ಒಳಗೆ ಕಟ್ಟಿದ ರಕ್ತವನ್ನು ಒಂದೆರಡು ದಿನದಲ್ಲಿ ತೆಗೆಸದಿದ್ದರೆ ಪೈಲ್ವಾನರ ಕಿವಿ ಕಾಯಂ.

ಸೇರುವ ಮುಂಚೆ

ಟ್ರಯಲ್ ಕ್ಲಾಸ್‌ಗೆ ಹೋದಾಗ ಗೋಡೆಯ ಮೇಲಿನ ಮೆಡಲ್ ನೋಡಬೇಡಿ. ನಮ್ಮಲ್ಲಿ ಪಟಿಯಾಲಾದ ರಾಷ್ಟ್ರೀಯ ಕ್ರೀಡಾ ಸಂಸ್ಥೆಯಂಥ (ಎನ್‌ಐಎಸ್) ಕಡೆ ಕೋಚಿಂಗ್ ಡಿಪ್ಲೊಮಾ ಇದೆ, ಆದರೆ ಅದಿಲ್ಲದೆ ಕ್ಲಾಸ್ ತೆರೆಯುವುದಕ್ಕೆ ಯಾರ ಅಡ್ಡಿಯೂ ಇಲ್ಲ. ಬ್ಲ್ಯಾಕ್ ಬೆಲ್ಟ್ ಎಂದರೆ ಚೆನ್ನಾಗಿ ಒದೆಯಬಲ್ಲರು ಎಂದು ಗೊತ್ತಾಗುತ್ತದೆ, ನಲವತ್ತೆರಡು ವರ್ಷದ ಮಂಡಿಯನ್ನು ನೋಡಿಕೊಳ್ಳಬಲ್ಲರು ಎಂದಲ್ಲ. ಅದರ ಬದಲು ಸುಮ್ನೆ ಮೂಲೆಯಲ್ಲಿ ಕೂತು ಒಂದು ಗಂಟೆ ನೋಡಿ. ಜೋಡಿ ಯಾರು ಗೊತ್ತು ಮಾಡುತ್ತಾರೆ? ಹೊಸಬರಿಗೆ ಎಷ್ಟು ದಿನಕ್ಕೆ ಸ್ಪಾರಿಂಗ್? ಒಬ್ಬರು ಜೋರು ಮಾಡಿದಾಗ ಕೋಚ್ ನಿಲ್ಲಿಸುತ್ತಾರಾ, ಇಲ್ಲ ಹುರಿದುಂಬಿಸುತ್ತಾರಾ?

ಒಂದು ಪರೀಕ್ಷೆ ನನಗೆ ತುಂಬ ನಂಬಿಕೆಯದು. ಯಾರಾದರೂ ಬೇಡ ಅಂದಾಗ ಏನಾಗುತ್ತದೆ ನೋಡಿ.

"ಮಾಸ್ಟರ್, ಇವತ್ತು ಸ್ಪಾರಿಂಗ್ ಬೇಡ, ಮಂಡಿ ಹಿಡ್ಕೊಂಡಿದೆ."

"ಸರಿ ಸರ್, ಆ ಕಡೆ ಪ್ಯಾಡ್ ಹಿಡೀರಿ. ನಾಳೆ ಹೇಗಿದೆ ಹೇಳಿ."

ಮಾತು ಇಷ್ಟಕ್ಕೆ ಮುಗಿದರೆ ಅಲ್ಲಿ ದುಡ್ಡು ಕಟ್ಟಬಹುದು. "ಏನ್ ಸರ್, ಇಷ್ಟಕ್ಕೇ ಹೆದರ್ಕೊಂಡ್ರಾ" ಅನ್ನುವ ಕಡೆ ಬೇಡ.

ಅರವತ್ತು ದಾಟಿದವರಿಗೆ ತೈ ಚಿ ಬೇರೆಯೇ ಲೆಕ್ಕ. ವಯಸ್ಸಾದವರು ಜಾರಿ ಬೀಳುವುದನ್ನು ಅದು ಸುಮಾರು ಐದನೇ ಒಂದು ಪಾಲು ಕಮ್ಮಿ ಮಾಡಬಹುದು ಎನ್ನುವುದಕ್ಕೆ ಅಧ್ಯಯನಗಳ ಆಧಾರ ಇದೆ. ಅಲ್ಲಿ ಕಲೆಯೇ ಗಾಯ ತಪ್ಪಿಸುವ ಮದ್ದು.

ಕೊನೆಗೆ ಕಾಗದಪತ್ರ. ಆರೋಗ್ಯ ವಿಮೆಯಲ್ಲಿ ಸಾಹಸ ಕ್ರೀಡೆಗೆ ದುಡ್ಡಿಲ್ಲ ಎಂದು ಕೇಳಿ ಎಷ್ಟೋ ಜನ ಜಿಮ್‌ನಲ್ಲಿ ಆದ ಗಾಯವನ್ನು ಮುಚ್ಚಿಟ್ಟು, ಬಚ್ಚಲಲ್ಲಿ ಜಾರಿದೆ ಅಂತ ಬರೆಸುತ್ತಾರೆ. ಅದು ಸುಳ್ಳು ಹೇಳಿದ ತಪ್ಪಾಗಿ, ಸಿಗಬೇಕಾದ ದುಡ್ಡೂ ಸಿಗದೆ ಹೋಗಬಹುದು. ವಿಮಾ ನಿಯಂತ್ರಕ ಸಂಸ್ಥೆ ಐಆರ್‌ಡಿಎಐ ಗೊತ್ತುಮಾಡಿದ ಸಾಮಾನ್ಯ ಒಕ್ಕಣೆ ಹೊರಗಿಡುವುದು ಅಪಾಯದ ಕ್ರೀಡೆಯಲ್ಲಿ ವೃತ್ತಿಪರವಾಗಿ ಭಾಗವಹಿಸಿದವರ ಚಿಕಿತ್ಸೆಯನ್ನು. ಸಂಜೆ ಬ್ಯಾಚ್‌ನ ಅಕೌಂಟೆಂಟ್ ವೃತ್ತಿಪರರಲ್ಲ. ಅಪಘಾತ ವಿಮೆಯ ಒಕ್ಕಣೆ ಬೇರೆ ಇರಬಹುದು, ಅದನ್ನು ಓದಿ ನೋಡಬೇಕು.

ಜಿಮ್‌ನವರು ಸಹಿ ಹಾಕಿಸಿಕೊಳ್ಳುವ 'ಏನಾದರೂ ಆದರೆ ನಾವು ಹೊಣೆಯಲ್ಲ' ಎಂಬ ಕಾಗದಕ್ಕೆ ಹೆದರಿ ಸುಮ್ಮನಾಗಬೇಕಿಲ್ಲ. 2018ರಲ್ಲಿ ಅಮೆರಿಕದ ಸ್ಯಾನ್ ಡಿಯಾಗೋದಲ್ಲಿ ಬಿಳಿ ಬೆಲ್ಟ್‌ನ ಕಲಿಯುವವರೊಬ್ಬರು ತಮ್ಮ ಬ್ಲ್ಯಾಕ್ ಬೆಲ್ಟ್ ಗುರುವಿನ ಜೊತೆ ಹೊರಳಾಡುವಾಗ ಕುತ್ತಿಗೆಯ ಮೂಳೆ ಮುರಿದು ಮೈ ಸ್ವಾಧೀನ ಕಳೆದುಕೊಂಡರು. 2023ರಲ್ಲಿ ಜ್ಯೂರಿ 4.6 ಕೋಟಿ ಡಾಲರ್ ಪರಿಹಾರ ಕೊಡಿಸಿತು. ನಮ್ಮಲ್ಲಿ ಅಂಥ ಮೊತ್ತ ಕನಸು. ಆದರೆ ದುಡ್ಡು ಕೊಟ್ಟು ಪಡೆದ ಕ್ಲಾಸ್ ಕೂಡ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಸೇವೆಯೇ. ಕೋಚ್‌ನ ನಿರ್ಲಕ್ಷ್ಯ ತೋರಿಸಲು ಆಗುವುದಾದರೆ ಎರಡು ವರ್ಷದೊಳಗೆ ಜಿಲ್ಲಾ ಗ್ರಾಹಕರ ಆಯೋಗಕ್ಕೆ ದೂರು ಕೊಡಬಹುದು. ಅಲ್ಲಿ ಮೊದಲು ಕೇಳುವುದು ದುಡ್ಡು ಕಟ್ಟಿದ್ದಕ್ಕೆ ಪುರಾವೆ. ಕ್ಯಾಶ್ ಕೊಟ್ಟು ರಸೀದಿ ಬಿಟ್ಟು ಬರಬೇಡಿ. ಗಾಯ ಆದ ದಿನವೇ ಹೇಗಾಯಿತು, ಎದುರಿಗೆ ಯಾರಿದ್ದರು, ಕೋಚ್ ಎಲ್ಲಿದ್ದರು ಎಂದು ಒಂದು ವಾಟ್ಸ್ಆ್ಯಪ್ ಮೆಸೇಜ್ ಬರೆದು ಜಿಮ್‌ನವರಿಗೇ ಕಳಿಸಿಬಿಡಿ.